ಪಿಯಾಜಾದ ನಡುವೆ ಒಂದು ಬುತ್ತಿ

ಅರ್ಥ ಗೊತ್ತಿಲ್ಲದ ಶಬ್ದವನ್ನು ನಾನು ಬರೆಯುವುದಿಲ್ಲ. ಇದು ನನ್ನ ಕಸುಬಿನ ಕಟ್ಟಳೆ. ಸಿಂಧನೂರಿನಲ್ಲಿ ಮೂವತ್ತೈದು ವರ್ಷದಿಂದ ಬೋರ್ಡು ಬರೆಯುತ್ತಿದ್ದೇನೆ. ಫ್ಲೆಕ್ಸ್ ಬಂದು ಹೊಟ್ಟೆಯ ಮೇಲೆ ಹೊಡೆದರೂ ಈ ಕಟ್ಟಳೆ ಬಿಟ್ಟಿಲ್ಲ. ಅರ್ಥ ಕೇಳದೆ ಬರೆದದ್ದು ಒಂದೇ ಸಲ, ಮೀಸೆ ಮೂಡುವ ವಯಸ್ಸಿನಲ್ಲಿ, ಲಿಂಗಸುಗೂರಿನಲ್ಲಿ. ಬೇಕರಿಯವನೊಬ್ಬ ಇಂಗ್ಲಿಷ್ ಡಬ್ಬಿಯೊಂದನ್ನು ತೋರಿಸಿ, "ಈ ಹೆಸರು ಭಾಳ ಚೆಂದ ಐತಿ, ಇದನ್ನ ಬರಿ" ಎಂದ. ಬರೆದೆ. ಎಂಟು ದಿನದ ಮೇಲೆ ಮೇಷ್ಟ್ರೊಬ್ಬರು ಬ್ರೆಡ್ ಕೊಳ್ಳಲು ಬಂದವರು ಬೋರ್ಡು ಓದಿ ಹಾಗೇ ವಾಪಸು ಹೋದರು. ಅದು ಜಿರಳೆ ಔಷಧದ ಡಬ್ಬಿಯಾಗಿತ್ತು. ಅಂದಿನಿಂದ ಯಾರು ಏನೇ ಬರೆಸಲಿ, ಮೊದಲು ಅರ್ಥ, ಆಮೇಲೆ ಬಣ್ಣ.

ಹೀಗಾಗಿ ಸಂಗನಬಸವ ಸಾವ್ಕಾರರು ಕರೆಸಿ, "ನರಸಣ್ಣ, ನಮ್ಮ ಹೊಸ ಕಟ್ಟಡದ ಮ್ಯಾಲ ಕನ್ನಡದಾಗ 'ಕರಿಬಸಪ್ಪ ಪಿಯಾಜಾ' ಅಂತ ಬರೀಬೇಕು" ಎಂದಾಗ, ನಾನು ಕೂಲಿಯ ಮಾತೆತ್ತದೆ ಅರ್ಥ ಕೇಳಿದೆ.

"ಕರಿಬಸಪ್ಪ ಅಂದ್ರ ನಿಮ್ಮ ಅಜ್ಜಾರು, ಗೊತ್ತೈತ್ರಿ. ಪಿಯಾಜಾ ಅಂದ್ರ ಏನ್ರಿ?"

"ಅದು... ಈಗ ಎಲ್ಲಾ ಕಡಿ ಇಡ್ತಾರಲ್ಲಪಾ, ಹೈದ್ರಾಬಾದಿನಾಗ, ಬೆಂಗಳೂರಾಗ. ದೊಡ್ಡ ದೊಡ್ಡ ಅಂಗಡಿ, ಕಾಫಿ, ಕುಂದರಾಕ ಬೆಂಚು. ಎಂಜಿನಿಯರ್ ಇಟ್ಟ ಹೆಸರು. ಕೇಳಾಕ ಭಾರಿ ಐತಲ್ಲ?"

"ಭಾರಿ ಐತ್ರಿ. ಅರ್ಥ?"

"ನಿನಗ್ಯಾಕ ಬೇಕು ಅರ್ಥ? ನೀ ಬಣ್ಣ ಹಚ್ಚು" ಎಂದು ಸಾವ್ಕಾರರು ನಕ್ಕರು. ಇಂಗ್ಲಿಷಿನ ಸ್ಟೀಲ್ ಅಕ್ಷರಗಳು ಆಗಲೇ ಬಂದು ಕೂತಿದ್ದವು. ಕನ್ನಡವೂ ಇರಬೇಕು, ದೊಡ್ಡದಾಗಿ ಇರಬೇಕು ಎಂದು ನಗರಸಭೆ ಕಚೇರಿಯವರು ಹೇಳಿದ್ದರು. ಸಾವ್ಕಾರರ ತಾಯಿ ಗುರುಲಿಂಗಮ್ಮನವರು, ಮಾವನ ಹೆಸರನ್ನು ಹಳೆಯ ಮಿಲ್ಲಿನ ಗೋಡೆಯ ಮೇಲೆ ಬರೆದ ಕೈಯೇ ಇದನ್ನೂ ಬರೆಯಬೇಕೆಂದು ಹಟ ಹಿಡಿದಿದ್ದರು. ಆ ಕೈ ನನ್ನದು.

ಹೊರಡುವಾಗ ಸಾವ್ಕಾರರು ಹಿಂದಿನಿಂದ ಕೂಗಿ ಹೇಳಿದರು. "ಹೆಸರಿನ ಕೆಳಗ ಇನ್ನೊಂದು ಸಾಲು ಜಾಗಾ ಉಳಿತೈತಿ. ಅಲ್ಲಿ ಕನ್ನಡದಾಗ ಏನರ ಚಲೋದು ಬರಿ. ಅಕ್ಷರ ದಪ್ಪ ಇರಲಿ, ರಸ್ತೆಕ ಕಾಣಬೇಕು."

ಏನರ ಚಲೋದು ಬರಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಕಟ್ಟಡ ಎದ್ದು ನಿಂತ ಜಾಗದ ಸಂಗತಿ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅಲ್ಲಿ ಮೊದಲು ಕರಿಬಸಪ್ಪನವರ ಅಕ್ಕಿ ಗಿರಣಿ ಇತ್ತು. ಗಿರಣಿಯ ಮುಂದೆ ಬಯಲು, ಬಯಲಿನ ನಡುವೆ ಒಂದು ಬೇವಿನ ಮರ. ಕಾಲುವೆಗೆ ನೀರು ಬಿಟ್ಟಾಗ ನೆಲ್ಲು ಹಚ್ಚುವ, ಅಂದರೆ ಭತ್ತದ ನಾಟಿ ಮಾಡುವ ಹೆಂಗಸರು ದಿನಾ ಬೆಳಗ್ಗೆ ಆರಕ್ಕೆ ಆ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಸಸಿಮಡಿ ತಯಾರಾದ ರೈತರು ಅಲ್ಲಿಗೇ ಬಂದು ಆಳು ಕರೆದೊಯ್ಯುತ್ತಿದ್ದರು. ಹೀಗೆ ಆಳು ನಿಲ್ಲುವ ಜಾಗಕ್ಕೆ ನಮ್ಮ ಕಡೆ ಅಡ್ಡಾ ಅನ್ನುತ್ತಾರೆ. ಜಾಗ ಕರಿಬಸಪ್ಪನವರದೇ. ಆದರೆ ಅವರು ಬದುಕಿರುವ ತನಕ ಒಂದು ದಿನವೂ "ಇಲ್ಲ್ಯಾಕ ನಿಂತೀರಿ" ಅನ್ನಲಿಲ್ಲ. ಮರದ ಬುಡಕ್ಕೆ ಎರಡು ನೀರಿನ ಹರವಿ ಇಡಿಸಿದ್ದರು.

ನನ್ನ ಅಕ್ಕ ಹುಸೇನಮ್ಮ ಅಲ್ಲಿ ಇಪ್ಪತ್ತೆರಡು ಹೆಂಗಸರ ಗುಂಪಿನ ಹಿರಿಯಾಳು. ಮೊಹರಂ ಹರಕೆಯಿಂದ ಹುಟ್ಟಿದವಳು, ಅದಕ್ಕೇ ಆ ಹೆಸರು. ಆಕೆಯನ್ನು ಸಂತೆಕಲ್ಲೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಸಿಂಧನೂರಿಗೆ ಬಂದು, ಆ ಬೇವಿನ ಮರದ ಕೆಳಗೆ ನಿಂತು ನನ್ನನ್ನು ಓದಿಸಿದಳು, ಕುಂಚ ಕೊಡಿಸಿದಳು, ಮದುವೆ ಮಾಡಿದಳು. ತನಗೆ ಮಾತ್ರ ಒಂದಕ್ಷರ ಬರುವುದಿಲ್ಲ. ನಾನು ತಿನ್ನುವ ಅನ್ನದಲ್ಲಿ ಆ ಮರದ ನೆರಳಿದೆ ಎಂದರೆ ಕವಿತ್ವ ಅನ್ನಬೇಡಿ, ಲೆಕ್ಕದ ಮಾತು.

ಆ ಬಯಲಿಗೆ ಒಂದು ಪದ್ಧತಿ ಇತ್ತು. ಹಿರಿಯಾಳು ತನ್ನ ಬುತ್ತಿಯ ಗಂಟನ್ನು ನೆಲಕ್ಕಿಡುತ್ತಾಳೆ. ಹಿಂದೆ ಗುಂಪು ನಿಲ್ಲುತ್ತದೆ. ಹೊಲದವನು ಬಂದು ಮಾತಾಡಿ, ಒಪ್ಪಿಗೆಯಾದರೆ ಬಗ್ಗಿ ಆ ಬುತ್ತಿಯನ್ನು ಎತ್ತುತ್ತಾನೆ. ಎತ್ತಿದರೆ ಮುಗಿಯಿತು. ಕಾಗದವಿಲ್ಲ, ಮುಂಗಡವಿಲ್ಲ. ಅಂದು ಆ ಗುಂಪಿಗೆ ಕೆಲಸ ಕೊಡುವುದು ಅವನ ಹೊಣೆ. ಬೇರೆಯವರು ಹೆಚ್ಚು ಕೊಡುತ್ತೇವೆಂದರೂ ಹೆಂಗಸರು ಹೋಗುವಂತಿಲ್ಲ. ಎತ್ತಿ ಕೆಲಸ ಕೊಡದವನ ಹೊಲಕ್ಕೆ ಆ ಹಂಗಾಮಿನಲ್ಲಿ ಯಾವ ಗುಂಪೂ ಕಾಲಿಡುವುದಿಲ್ಲ. ಇನ್ನೊಂದು ಮಾತು: ಬುತ್ತಿಯನ್ನು ಎಲ್ಲಿ ಎತ್ತಿದರೋ ಮರುದಿನ ಅಲ್ಲೇ ಇಡಬೇಕು, ಹುಡುಕಿ ಬರುವವರಿಗೆ ದಾರಿ ತಪ್ಪಬಾರದಲ್ಲ.

ಕರಿಬಸಪ್ಪ ಹೋದರು, ಮಿಲ್ಲು ನಿಂತಿತು, ಮೊಮ್ಮಗ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದ. ಬಯಲನ್ನೇನೋ ಬಯಲಾಗಿಯೇ ಉಳಿಸಿದ್ದ. ಆದರೆ ಬೇವಿನ ಮರ ಕಡಿದು ಅಲ್ಲೊಂದು ಕಾರಂಜಿ, ಸುತ್ತ ನುಣುಪು ಕಲ್ಲು, ಬೆಂಚು, ರಸ್ತೆಯ ಅಂಚಿಗೆ ಉದ್ದಕ್ಕೂ ಸ್ಟೀಲಿನ ಸರಪಳಿ, ಸರಪಳಿಯ ಹತ್ತಿರ ಕಾವಲಿಗೆ ಮಸ್ತಾನಸಾಬ. ಹೆಂಗಸರು ರಸ್ತೆಗೆ ಬಿದ್ದರು. ರಸ್ತೆಯಲ್ಲಿ ಬುತ್ತಿ ಇಡಲು ಜಾಗವೆಲ್ಲಿ? ಇಟ್ಟರೆ ಟಂಟಂ ರಿಕ್ಷಾ ಅದರ ಮೇಲೆ ಹತ್ತಿ ಹೋಗುತ್ತದೆ. ಒಂದು ಕಡೆ ನಿಂತರೆ ಅಂಗಡಿಯವರು ಬೈಯುತ್ತಾರೆ, ಇನ್ನೊಂದು ಕಡೆ ನಿಂತರೆ ಪೊಲೀಸರು. ಚದುರಿದವರನ್ನು ಮೇಸ್ತ್ರಿಗಳು ಇಲ್ಲೊಬ್ಬಳು ಅಲ್ಲೊಬ್ಬಳು ಆರಿಸಿಕೊಂಡು ಹೋಗತೊಡಗಿದರು. ಅವರು ಹೇಳಿದ್ದೇ ಕೂಲಿ, ಕಳಿಸಿದ್ದೇ ಹೊಲ. ಅಕ್ಕನ ಗುಂಪು ಇಪ್ಪತ್ತೆರಡರಿಂದ ಒಂಬತ್ತಕ್ಕೆ ಇಳಿಯಿತು.

"ಈ ಹಂಗಾಮು ಹಿಂಗ ದಾಟಿತಂದ್ರ ಗುಂಪು ಇರಂಗಿಲ್ಲ ತಮ್ಮಾ" ಎಂದು ಅಕ್ಕ ಒಂದು ಸಂಜೆ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು. "ಒಬ್ಬೊಬ್ಬರ ಆದ್ವಿ ಅಂದ್ರ ನಾವು ಆಳಲ್ಲ, ಹಾದಿಮ್ಯಾಲಿನ ಹುಲ್ಲು."

ಅಕ್ಕ ಅಳುವವಳಲ್ಲ. ಅಂದೂ ಅಳಲಿಲ್ಲ. ಆದರೆ ಆಕೆಯ ದನಿ ಕೇಳಿ ನನಗೆ ಒಳಗೆ ಬೆಂಕಿ ಬಿದ್ದಂತಾಯಿತು. ಅದೇ ಜಾಗದ ಮೇಲೆ ನಾನು ಹೆಸರು ಬರೆಯಲು ಒಪ್ಪಿಕೊಂಡು ಬಂದಿದ್ದೆನಲ್ಲ!

ಅರ್ಥ ಹುಡುಕಿಕೊಟ್ಟವಳು ನನ್ನ ಮಗಳು ರೂಪಾ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಒಂದು ದಪ್ಪ ಪುಸ್ತಕ ತೆಗೆದು, ಫೋನನ್ನೂ ನೋಡಿ, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು.

"ಅಪ್ಪಾ, ಇದು ಇಟಲಿ ಮಂದಿ ಶಬ್ದ. ಅಗಲವಾದ ಬೀದಿ ಅನ್ನೋ ಹಳೇ ಮಾತಿನಿಂದ ಬಂದದ್ದು. ಅವರ ಊರಾಗ ನಡುವ ಬಯಲು ಇರತೈತಿ, ಸುತ್ತ ಮನಿ, ಗುಡಿ, ಅಂಗಡಿ. ಆ ಬಯಲಿಗೆ ಪಿಯಾಜಾ ಅಂತಾರ. ಸಂತಿ ಮಾಡೋರು, ಹರಟಿ ಹೊಡಿಯೋರು, ಯಾರ ಬೇಕಾದ್ರೂ ಬರಬಹುದು. ಮುಂದ ಇಂಗ್ಲೆಂಡಿನವರು ಕಂಬ ಇರೋ ಪಡಸಾಲಿಗೆ ಆ ಹೆಸರು ಹೇಳಿದ್ರಂತ. ಅಮೆರಿಕದಾಗ ಕೆಲವು ಕಡಿ ಮನಿ ಮುಂದಿನ ಜಗಲಿಗೆ. ಈಗ ನಮ್ಮ ಕಡಿ ಅಂಗಡಿ ಕಟ್ಟಡಕ್ಕ."

ಶಬ್ದವೆಂದರೆ ಸೊಸೆ ಇದ್ದ ಹಾಗೆ ಎಂದುಕೊಂಡೆ. ಹೋದ ಮನೆ ಕೊಟ್ಟ ಕೆಲಸ ಮಾಡಿಕೊಂಡು ಹೋಗುತ್ತದೆ. ತವರುಮನೆಯಲ್ಲಿ ಹೇಗಿತ್ತೆಂದು ಯಾರೂ ಕೇಳುವುದಿಲ್ಲ.

ಕಟ್ಟೆಯ ಮೇಲಿದ್ದ ಅಕ್ಕ ಮಾತ್ರ ಕೇಳಿದಳು. ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆ ಮಾಡಿ, "ಅಂದ್ರ ಅಷ್ಟು ದೂರದ ಮಂದಿಗೂ ಅಡ್ಡಾ ಐತೇನು?" ಎಂದಳು.

"ಹೂಂ ಅತ್ತಿ, ಬರಾಬರ್ ನಿಮ್ಮ ಅಡ್ಡಾ ಇದ್ದಂಗ."

"ಅಲ್ಲಿ ಸರಪಳಿ ಇರತೈತೇನು?"

"ಇಲ್ಲತ್ತಿ. ಊರ ಮಂದಿದು ಅದು. ಯಾರು ಕಟ್ತಾರ ಸರಪಳಿ?"

"ನೋಡು ಮತ್ತ" ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನಮ್ಮ ಅಡ್ಡಾದ ಹೆಸರ ತಗೊಂಡು ನಮ್ಮನ್ನ ಹೊರಗ ಹಾಕ್ಯಾರ. ಅದರ ಅರ್ಥ ಇನ್ನೊಂದ ಸಲ ಸಾವಕಾಶ ಹೇಳು ತಮ್ಮಾ. ಪುಸ್ತಕದ ಕನ್ನಡದಾಗ ಹೇಳು."

ಹೇಳಿದೆ. ಆಕೆ ಬಾಯಿಪಾಠ ಮಾಡಿಕೊಂಡಳು, ಕಣದಲ್ಲಿ ಹಾಡುವ ಹಂತಿಯ ಪದ ಕಲಿಯುವ ಹಾಗೆ, ಮೂರು ಸಲ.

ಮರುದಿನದಿಂದ ಅಟ್ಟಣೆ ಹತ್ತಿ ಬೋರ್ಡು ಬರೆದೆ. ಕರಿಬಸಪ್ಪನ ಹೆಸರು ಬರೆಯುವಾಗ ಕೈ ಹಗುರಾಗಿತ್ತು. ಕೆಳಗಿನ ಸಾಲಿಗೆ ಬಂದಾಗ ಕುಂಚವನ್ನು ಎರಡು ಸಲ ಡಬ್ಬಿಗೆ ವಾಪಸು ಇಟ್ಟೆ, ಸುಳ್ಳು ಹೇಳುವುದಿಲ್ಲ. ಸಾವ್ಕಾರರು ಹಣ ಕೊಡದಿದ್ದರೆ ಹೋಗಲಿ, ಇಡೀ ಪೇಟೆಯಲ್ಲಿ ನನಗೆ ಕೆಲಸ ತಪ್ಪಿಸಬಲ್ಲವರು. ಆದರೂ ಅವರು ಹೇಳಿದ್ದನ್ನೇ ಮಾಡಿದೆ: ಚಲೋದನ್ನೇ ಬರೆದೆ, ದಪ್ಪಗೆ ಬರೆದೆ. ಬರೆದು ಮುಗಿದ ಕೂಡಲೇ ಧೂಳು ಕೂರಬಾರದೆಂದು ಬೋರ್ಡಿಗೆ ಪರದೆ ಬಿಟ್ಟೆ. ಉದ್ಘಾಟನೆಯ ತನಕ ಅದನ್ನು ಯಾರೂ ಎತ್ತಲಿಲ್ಲ. ಏನು ಬರೆದೆನೆಂದು ಅಕ್ಕನಿಗೆ ಮಾತ್ರ ಹೇಳಿದ್ದೆ.

ಶ್ರಾವಣದ ಮೊದಲ ಸೋಮವಾರ, ಬೆಳಗ್ಗೆ ಏಳಕ್ಕೆ ಮುಹೂರ್ತ. ಆರೂವರೆಗೇ ಬಯಲು ತುಂಬಿತ್ತು. ಗಿರಣಿಯವರು, ದಲಾಲರು, ಮುದಗಲ್ಲಿನಿಂದ ಬಂದ ಬೀಗರು, ಮಸ್ಕಿ ಕಡೆಯ ರೈತರು. ಕುರ್ಚಿಯ ಮೊದಲ ಸಾಲಿನಲ್ಲಿ ಗುರುಲಿಂಗಮ್ಮನವರು, ಹಣೆಗೆ ವಿಭೂತಿ, ಕೈಯಲ್ಲಿ ಊರುಗೋಲು. ಸರಪಳಿಯ ಆಚೆ, ರಸ್ತೆಯ ಅಂಚಿನಲ್ಲಿ ಅಕ್ಕನ ಗುಂಪು. ಎಣಿಸಿದೆ. ಒಂಬತ್ತಲ್ಲ, ಇಪ್ಪತ್ತೆರಡೂ ಜನ ಬಂದಿದ್ದರು. ಏನೋ ಇದೆ ಎಂದು ಆಗಲೇ ಅನ್ನಿಸಿತು.

ಅತಿಥಿಗಳಿಗಾಗಿ ಸರಪಳಿಯ ಒಂದು ಕೊಂಡಿ ಬಿಚ್ಚಿದ್ದರು. ಅಕ್ಕ ಅಲ್ಲಿಂದ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಕಾರಂಜಿಯ ಹತ್ತಿರ, ಬೇವಿನ ಮರವಿದ್ದ ಜಾಗಕ್ಕೆ ಸರಿಯಾಗಿ ತನ್ನ ಬುತ್ತಿಯ ಗಂಟು ಇಟ್ಟು ತಿರುಗಿದಳು.

ಮಸ್ತಾನಸಾಬ ಓಡಿ ಬಂದ. "ಯಕ್ಕಾ, ಒಳಗ ಬರಬಾರದಂತ."

"ಹೊಂಟೀನಿ ಬಿಡಪಾ. ಮಂದಿಗೆ ಬರಬ್ಯಾಡ ಅಂದಾರ, ಬುತ್ತಿಗೇನೂ ಅಂದಿಲ್ಲಲ್ಲ?" ಎಂದು ಅಕ್ಕ ಸರಪಳಿಯ ಆಚೆ ಹೋಗಿ ನಿಂತಳು.

ಸಾವ್ಕಾರರ ಕಾರಭಾರಿ ವೆಂಕೋಬ ಕೆಂಡವಾದ. ಅವರ ನಲವತ್ತು ಎಕರೆಗೆ ಪ್ರತಿವರ್ಷ ಆಳು ಹಿಡಿಯುವವನು ಅವನೇ. "ತಗಿಯೋ ಅದನ್ನ!"

"ನೀವ ತಗೀರಿ" ಎಂದ ಮಸ್ತಾನಸಾಬ ಕೈ ಹಿಂದೆ ಕಟ್ಟಿಕೊಂಡು. "ನಾ ಎತ್ತಿದರ ಇಪ್ಪತ್ತೆರಡು ಮಂದಿಗೆ ನಾನ ಕೆಲಸ ಕೊಡಬೇಕು. ನನಗೆಲ್ಲೈತ್ರಿ ಹೊಲ?"

ವೆಂಕೋಬ ಒಂದು ಹೆಜ್ಜೆ ಹಿಂದೆ ಸರಿದ. "ಹಂಗಾರ ಕಾಲಿಲೆ ಸರಿಸು."

"ಅನ್ನಕ್ಕ ಕಾಲು ಹಚ್ಚಲೇನ್ರಿ? ತೋಬಾ ತೋಬಾ."

ಕಸಗುಡಿಸುವವಳು ಕಸಬರಿಗೆ ಮರೆಮಾಡಿಕೊಂಡು ಕಟ್ಟಡದೊಳಗೆ ಹೋದಳು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂತು, ವೆಂಕೋಬ ಹಾರ ಹಿಡಿದು ರಸ್ತೆಯ ಕಡೆ ಓಡಿದ. ಬುತ್ತಿ ಬಯಲಿನ ನಡುವೆ ಒಂದೇ ಉಳಿಯಿತು. ಮಾಸಿದ ಕೆಂಪು ಬಟ್ಟೆ, ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಮೊಲದಂತೆ ಮುದುರಿ ಕೂತಿತ್ತು.

ಸಂಗನಬಸವ ಸಾವ್ಕಾರರು ಹೊಸ ರೇಷ್ಮೆ ಅಂಗಿ, ಧೋತರದಲ್ಲಿ ಬಂದು ಕಾರಂಜಿಯ ಮುಂದೆ ನಿಂತರು. ಫೋಟೋ ತೆಗೆಯುವ ಯೂನುಸ ಒಂದು ಕಣ್ಣು ಮುಚ್ಚಿ, "ಸರ್, ಅದೊಂದು ಗಂಟು ಫೋಟೋದಾಗ ಬರಾಕತ್ತೈತ್ರಿ" ಎಂದ.

ಸಾವ್ಕಾರರು ಕೆಟ್ಟವರಲ್ಲ. ಅವರ ಮನೆಯಲ್ಲಿ ಪೂಜೆಯಾಗದೆ ನೀರು ಕುಡಿಯುವುದಿಲ್ಲ, ಉಣ್ಣುವ ಅನ್ನವನ್ನು ಪ್ರಸಾದವೆನ್ನುತ್ತಾರೆ, ನೆಲಕ್ಕೆ ಬಿದ್ದ ಅಗುಳನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಹಾಸ್ಟೆಲಿನಲ್ಲಿ ಓದಿ ಬೆಳೆದವರು. ಬೆಳಗಿನ ಆರು ಗಂಟೆಗೆ ಈ ಬಯಲಿಗೆ ಒಂದು ದಿನವೂ ಬಂದವರಲ್ಲ. ಬಗ್ಗಿದರು. ಎರಡೂ ಕೈಯಿಂದ ಬುತ್ತಿಯನ್ನು ಎತ್ತಿದರು. ಹುಟ್ಟಿನಿಂದ ಬಂದ ರೂಢಿಯಂತೆ ಕಣ್ಣಿಗೊತ್ತಿಕೊಂಡರು.

ಮರುಗಳಿಗೆ ಮಸ್ಕಿ ಕಡೆಯ ರಾಮಣ್ಣ, ಇಪ್ಪತ್ತು ವರ್ಷದಿಂದ ಅಲ್ಲೇ ಆಳು ಹಿಡಿದ ರೈತ, ಕುರ್ಚಿಯಿಂದೆದ್ದು ಕೂಗಿದ. "ಸಾವ್ಕಾರ್ರು ಬುತ್ತಿ ಎತ್ತಿದ್ರಲೇ!"

ರೈತರೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು. ಅಕ್ಕ ಸರಪಳಿ ದಾಟಿದಳು. ಹಿಂದೆ ಒಬ್ಬೊಬ್ಬರಾಗಿ ಇಪ್ಪತ್ತೊಂದು ಹೆಂಗಸರು ದಾಟಿ ಬಂದು, ನುಣುಪು ಕಲ್ಲಿನ ಮೇಲೆ ಸಾಲಾಗಿ ನಿಂತರು. ಮಸ್ತಾನಸಾಬ ಆಕಾಶದಲ್ಲಿ ಏನನ್ನೋ ನೋಡುತ್ತಿದ್ದ.

"ಹೇಳ್ರಿ ಸಾವ್ಕಾರ್ರ. ಯಾವ ಹೊಲಕ್ಕ ಹೋಗೂಣು?" ಎಂದಳು ಅಕ್ಕ.

"ಏ, ನಾ ಸರಿಸಾಕ ಎತ್ತೀನವಾ" ಎಂದು ಸಾವ್ಕಾರರು ಕೆಳಗಿಡಲು ಬಗ್ಗಿದರು.

ಟಕ್ ಎಂದು ಊರುಗೋಲಿನ ಸದ್ದಾಯಿತು. "ಸಂಗಣ್ಣ! ಇಳಸಬ್ಯಾಡ." ಗುರುಲಿಂಗಮ್ಮನವರು ಎದ್ದು ನಿಂತಿದ್ದರು. "ನಿಮ್ಮಜ್ಜಾರು ಎತ್ತಿದ ಬುತ್ತಿ ಒಂದು ದಿನಾನೂ ಇಳಸಲಿಲ್ಲ. ಮಳಿ ಬಂದು ಕೆಲಸ ನಿಂತ ದಿನಾನೂ ಕೂಲಿ ಕೊಟ್ಟು ಕಳಿಸ್ಯಾರ. ಅವರ ಹೆಸರ ಇಡಾಕತ್ತಿದಿ, ಅವರ ಮಾತ ಇಳಸ್ತಿಯೇನು?"

ಸಾವ್ಕಾರರು ಬುತ್ತಿ ಹಿಡಿದೇ ಸುತ್ತ ನೋಡಿದರು. ಕಾಲುವೆಗೆ ನೀರು ಬಂದು ವಾರವಾಗಿತ್ತು, ಸಸಿ ಬಲಿಯುತ್ತಿತ್ತು, ಸುತ್ತ ನಿಂತವರೆಲ್ಲ ನೆಲ್ಲಿನ ರೈತರು. "ಆತು, ಕೆಲಸ ಕೊಡ್ತೀನಿ. ಇವತ್ತಿನ ಮಟ್ಟಿಗೆ. ಆದ್ರ ನಾಳಿ ಇಲ್ಲಿ ಬಂದು ಬುತ್ತಿ ಇಡಬ್ಯಾಡ್ರಿ. ಇದು ಅಡ್ಡಾ ಅಲ್ಲವಾ, ಇದು ಪಿಯಾಜಾ."

"ಗೊತ್ತೈತ್ರಿ" ಎಂದಳು ಅಕ್ಕ. ಸೆರಗು ಸರಿಮಾಡಿಕೊಂಡು, ಒಂದಕ್ಷರ ಬಾರದ ನನ್ನ ಅಕ್ಕ, ಪುಸ್ತಕದ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದಳು. "ಪಿಯಾಜಾ ಎಂದರೆ ಊರಿನ ಎಲ್ಲರೂ ಬಂದು ನಿಲ್ಲುವ ಬಯಲು."

"ಯಾರು ಹೇಳಿದ್ರು ನಿನಗ?"

"ನಿಮ್ಮ ಬೋರ್ಡು."

ಎಲ್ಲರ ತಲೆ ಮೇಲೆದ್ದಿತು. ಪರದೆಯ ಹಗ್ಗ ಎಳೆಯಬೇಕಾದ ಅತಿಥಿಗಳು ಇನ್ನೂ ಹಾರ ಹಾಕಿಸಿಕೊಳ್ಳುತ್ತಿದ್ದರು. ಗುರುಲಿಂಗಮ್ಮನವರು ಯಾರಿಗೂ ಕಾಯಲಿಲ್ಲ. ಊರುಗೋಲು ಊರಿಕೊಂಡು ಹೋಗಿ, ಒಂದೇ ಸಲ ಹಗ್ಗ ಜಗ್ಗಿದರು. ಪರದೆ ಜಾರಿ ಬಿತ್ತು. ಮೇಲೆ ಹಳದಿಯಲ್ಲಿ 'ಕರಿಬಸಪ್ಪ ಪಿಯಾಜಾ.' ಅದರ ಕೆಳಗೆ ಬಿಳಿಯಲ್ಲಿ, ಗೇಣುದ್ದದ ಅಕ್ಷರದಲ್ಲಿ, ಅಕ್ಕ ಈಗ ಹೇಳಿದ ಅದೇ ಮಾತು: 'ಊರಿನ ಎಲ್ಲರೂ ಬಂದು ನಿಲ್ಲುವ ಬಯಲು.'

ಓದಬಲ್ಲವರು ಗಟ್ಟಿಯಾಗಿ ಓದಿದರು. ಓದಲಾರದವರು ಕೇಳಿ ಮತ್ತೊಮ್ಮೆ ಹೇಳಿದರು. ಸಾವ್ಕಾರರು ಮೇಲೆ ನೋಡಿದರು, ಕೈಯಲ್ಲಿದ್ದ ಬುತ್ತಿ ನೋಡಿದರು, ಕೊನೆಗೆ ಗುಂಪಿನಲ್ಲಿ ನನ್ನನ್ನು ಹುಡುಕಿದರು.

"ನರಸಣ್ಣ, ಏನಲೇ ಇದು?"

"ಏನರ ಚಲೋದು ಬರಿ ಅಂದಿದ್ರಿ. ಇದಕ್ಕಿಂತ ಚಲೋದು ನನಗ ತೋಚಲಿಲ್ಲರಿ."

ಒಂದು ಗಳಿಗೆ ನನ್ನ ಕಸುಬು ಮುಗಿಯಿತೆಂದುಕೊಂಡೆ. ಸಾವ್ಕಾರರ ತುಟಿ ಅದುರಿತು. ಸಿಟ್ಟೆಂದು ತಿಳಿದೆ; ನಗೆ. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ ಹೊಟ್ಟೆ ಅಲುಗುವಂತೆ ನಕ್ಕರು. "ಅಜ್ಜನೂ ನೀವೂ ಕೂಡಿ ನನ್ನ ಹಿಡದ್ರಿ ಬಿಡ್ರಪಾ" ಎಂದು ಕಣ್ಣೊರೆಸಿಕೊಂಡು ಸರಪಳಿಯತ್ತ ತಿರುಗಿದರು. "ಮಸ್ತಾನಸಾಬ, ಆ ಸರಪಳಿ ತಗಿ. ಕೊಂಡಿ ಅಲ್ಲೋ, ಪೂರಾ ತಗಿ. ಕಾಲುವಿ ಬಾಜೂ ಹನ್ನೆರಡು ಎಕರೆ ಐತಿ ಹುಸೇನಮ್ಮ, ಅಲ್ಲಿಗೆ ನಡೀರಿ."

"ಇವತ್ತು ಮೂರು ಎಕರೆ ಆಗತೈತ್ರಿ. ಮುಂದಿಂದು ನಾಳಿ, ಬುತ್ತಿ ಎತ್ತಿದರ" ಎಂದು ಅಕ್ಕ ಅವರ ಕೈಯಿಂದ ಗಂಟನ್ನು ತೆಗೆದುಕೊಂಡಳು. ಇಪ್ಪತ್ತೆರಡು ಜನ ಅತಿಥಿಗಳ ಕೆಂಪು ಹಾಸಿನ ಮೇಲೆಯೇ ನಡೆದು ಟಂಟಂ ಹತ್ತಿದರು. ಯೂನುಸ ಅದರದೂ ಫೋಟೋ ತೆಗೆದ. ನಾನು ಅಲ್ಲೇ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಮರುದಿನ ಆರಕ್ಕೇ ಹೋದೆ, ನೋಡದಿದ್ದರೆ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದಲ್ಲ, ಏಳು ಬುತ್ತಿ ಇದ್ದವು. ರಸ್ತೆಯಲ್ಲಿ ಚದುರಿ ಹೋಗಿದ್ದ ಗುಂಪುಗಳೆಲ್ಲ ರಾತ್ರೋರಾತ್ರಿ ಸುದ್ದಿ ತಿಳಿದು ಕೂಡಿಕೊಂಡಿದ್ದವು. ಹೆಂಗಸರು ಬೆಂಚಿನ ಮೇಲೆ ಕೂತಿದ್ದರು, ಕಾರಂಜಿಯ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ಟಂಟಂನವನು "ಪಿಯಾಜಾ, ಪಿಯಾಜಾ!" ಎಂದು ಕೂಗಿ ಜನ ಇಳಿಸುತ್ತಿದ್ದ. ಮೇಸ್ತ್ರಿ ಒಬ್ಬ ಬಂದು, ಮೂಲೆಯಲ್ಲಿ ನಿಂತು ಬೀಡಿ ಸೇದಿ, ಯಾರೂ ಅವನ ಕಡೆ ನೋಡದ್ದರಿಂದ ಹೊರಟು ಹೋದ.

ಆರೂವರೆಗೆ ಸಂಗನಬಸವ ಸಾವ್ಕಾರರು ಬಂದರು. ವೆಂಕೋಬನನ್ನು ಕಳಿಸಿರಲಿಲ್ಲ, ತಾವೇ ಬಂದಿದ್ದರು. ನೇರವಾಗಿ ಬೇವಿನ ಮರದ ಜಾಗಕ್ಕೆ ನಡೆದು ಬಗ್ಗಲು ನೋಡಿದರು. ಅಲ್ಲಿ ಬುತ್ತಿ ಇರಲಿಲ್ಲ. ಆ ಕೆಂಪು ಗಂಟು ಮಸ್ಕಿಯ ರಾಮಣ್ಣನ ಕೈಯಲ್ಲಿತ್ತು.

"ತಡ ಆತ್ರಿ ಸಾವ್ಕಾರ್ರ" ಎಂದಳು ಅಕ್ಕ. ಅದರಲ್ಲಿ ಕುಹಕವಿರಲಿಲ್ಲ, ದಿನಾ ಬರುವ ಯಾವ ರೈತನಿಗಾದರೂ ಹೇಳುವ ದನಿ. "ಇವರು ಆರೂಕಾಲಕ್ಕ ಬಂದು ಎತ್ಯಾರ. ಇನ್ನೂ ಗುಂಪು ಅದಾವ. ಅಲ್ಲಿ ಮಂದಿ ಕೂಡ ನಿಂದರ್ರಿ."

ಸಾವ್ಕಾರರು ಧೋತರ ಮೇಲೆತ್ತಿ ಕಟ್ಟಿಕೊಂಡು, ಹತ್ತು ಹದಿನೈದು ರೈತರ ನಡುವೆ, ತಮ್ಮ ಅಜ್ಜನ ಹೆಸರಿನ ಕೆಳಗೆ ಹೋಗಿ ನಿಂತರು.